ಮೈಕೆಲ್ಸನ್: ಕನ್ನಡಿ ಹಿಂದಕ್ಕೆ ಸರಿಸಿದರೆ ಫ್ರಿಂಜ್ ಮಾಯ, ಸಹಾಯ ಬೇಕು

ಕೆಂಪುಗೆರೆ:
ತಲೆ ಕೆಟ್ಟುಹೋಗಿದೆ. ಲೇಸರಿನ ಕೊಹೆರೆನ್ಸ್ ಉದ್ದ (ಎಷ್ಟು ಹಾದಿ ವ್ಯತ್ಯಾಸದವರೆಗೆ ಫ್ರಿಂಜ್ ಮೂಡುತ್ತವೆ ಅನ್ನೋದು) ಅಳೆಯೋಣ ಅಂತ ಮೈಕೆಲ್ಸನ್ ಇಂಟರ್‌ಫೆರೋಮೀಟರ್ ಕಟ್ಟಿದ್ದೇನೆ: ಬೆಳಕನ್ನು ಎರಡು ತೋಳಿಗೆ ಸೀಳಿ, ತುದಿಯ ಕನ್ನಡಿಗಳಿಂದ ವಾಪಸ್ ತಂದು ಕೂಡಿಸುವ ಸಾಧನ. ಎರಡೂ ತೋಳಿನ ಉದ್ದ ಸಮ ಇದ್ದಾಗ ಫ್ರಿಂಜ್ (ಬೆಳಕು-ಕಪ್ಪು ಪಟ್ಟಿಗಳು) ಚೆನ್ನಾಗಿವೆ. ಒಂದು ಕನ್ನಡಿಯನ್ನು ಹಿಂದಕ್ಕೆ ಒಯ್ದಂತೆ ಮಸುಕಾಗಿ, 12 ಸೆಂ.ಮೀ. ಹತ್ತಿರ ಪೂರ್ತಿ ಮಾಯ. ಲೇಸರ್ ಹಾಳಾಗಿದೆಯಾ?

ಕಲ್ಲುಮೇಜು:
ಅಲುಗಾಟ. ಬೇರೇನೂ ಅಲ್ಲ. ಕನ್ನಡಿ 160 ನ್ಯಾನೋಮೀಟರ್ ಅಲುಗಿದರೆ ಸಾಕು, ಕಪ್ಪು ಪಟ್ಟಿ ಇದ್ದಲ್ಲಿ ಬೆಳಕು ಬರುತ್ತದೆ. ಹಲಗೆಯ ಕೆಳಗೆ ಸ್ಕೂಟರ್ ಟ್ಯೂಬ್ ಇಡಿ.

ಕೆಂಪುಗೆರೆ:
ಇಟ್ಟು ನೋಡಿದೆ. ಏನೂ ಬದಲಾಗಲಿಲ್ಲ.

ಕಲ್ಲುಮೇಜು:
ಗಾಳಿ ಜಾಸ್ತಿ ತುಂಬಿರಬೇಕು. ನನ್ನದು ಗ್ರಾನೈಟ್ ಚಪ್ಪಡಿ, ಕೆಳಗೆ ಮರಳಿನ ಪೆಟ್ಟಿಗೆ, ಅದರ ಕೆಳಗೆ ಟ್ಯೂಬ್. ಬೀದಿಯಲ್ಲಿ ಲಾರಿ ಹೋದರೂ ಫ್ರಿಂಜ್ ಕದಲುವುದಿಲ್ಲ.

ಹಳದಿದೀಪ:
ಒಂದು ತೋಳಿಗೆ ಸರಿದೂಗಿಸುವ ಗಾಜು (ಎರಡೂ ತೋಳಿನ ಬೆಳಕು ಅಷ್ಟಷ್ಟೇ ಗಾಜು ದಾಟಲಿ ಅಂತ ಇಡುವುದು) ಹಾಕಿದ್ದೀರಾ?

ಕಲ್ಲುಮೇಜು:
ಅದು ಬಿಳಿ ಬೆಳಕಿಗೆ ಬೇಕು. ಲೇಸರಿಗೆ ಯಾಕೆ?

ಹಳದಿದೀಪ:
ಇದ್ದರೆ ನಷ್ಟವೇನು? ನಾನು ಸೋಡಿಯಂ ದೀಪಕ್ಕೂ ಹಾಕುತ್ತೇನೆ. ಅದರಲ್ಲಿ 589.0 ಮತ್ತು 589.6 ನ್ಯಾನೋಮೀಟರಿನ ಎರಡು ಗೆರೆ. ಕನ್ನಡಿ 0.29 ಮಿ.ಮೀ. ಸರಿದಾಗಲೆಲ್ಲ ಫ್ರಿಂಜ್ ಅಳಿಸಿಹೋಗಿ ಮತ್ತೆ ಬರುತ್ತವೆ. ನೋಡೋದಕ್ಕೇ ಚೆಂದ.

ಪ್ರತಿಫಲನ:
ಕೆಂಪುಗೆರೆ ಅವರೇ, ಯಾವ ಲೇಸರ್ ಅಂತ ನೀವು ಹೇಳಲೇ ಇಲ್ಲ. ಲೇಸರ್ ಟ್ಯೂಬಿನ ಉದ್ದ ಎಷ್ಟು?

ಕೆಂಪುಗೆರೆ:
ಹೀಲಿಯಂ-ನಿಯಾನ್ ಸರ್, ಮತ್ತಿನ್ಯಾವುದು? ಒಳಗಿನ ಕನ್ನಡಿಗಳ ನಡುವೆ 25 ಸೆಂ.ಮೀ. ಪೋಲರೈಸ್ಡ್ (ಬೆಳಕಿನ ಕಂಪನ ಒಂದೇ ದಿಕ್ಕಿಗೆ ಇರುವ ಬಗೆ) ಅಲ್ಲ. ಆನ್ ಮಾಡಿದ ಹೊಸದರಲ್ಲಿ ಆ 12 ಸೆಂ.ಮೀ. ಜಾಗದಲ್ಲೂ ಫ್ರಿಂಜ್ ಬಂದು ಬಂದು ಹೋಗುತ್ತವೆ.

ಪ್ರತಿಫಲನ:
ಇದನ್ನು ಮೊದಲೇ ಹೇಳಬೇಕಿತ್ತು, ಮುಖ್ಯ ಸುಳಿವೇ ಇದು. ನಿಮ್ಮ ಲೇಸರ್ ಚೆನ್ನಾಗಿಯೇ ಇದೆ. ಅದರಲ್ಲಿ ಸುಮಾರು 600 ಮೆಗಾಹರ್ಟ್ಜ್ ಅಂತರದ ಎರಡು ಮೋಡ್, ಅಂದರೆ ಎರಡು ಆವರ್ತನದ ಬೆಳಕು, ಓಡುತ್ತಿವೆ. ಹಾದಿಯ ವ್ಯತ್ಯಾಸ ಟ್ಯೂಬಿನ ಉದ್ದದಷ್ಟಾದಾಗ, ಅಂದರೆ ಕನ್ನಡಿ 12.5 ಸೆಂ.ಮೀ. ಸರಿದಾಗ (ಬೆಳಕು ಹೋಗಿ ಬರುವುದರಿಂದ ಹಾದಿ ಇಮ್ಮಡಿ), ಒಂದರ ಬೆಳಕಿನ ಪಟ್ಟಿ ಇನ್ನೊಂದರ ಕಪ್ಪು ಪಟ್ಟಿಯ ಮೇಲೆ ಬೀಳುತ್ತದೆ. ಸೋಡಿಯಂ ಲೆಕ್ಕವೇ, ಅಳತೆ ಮಾತ್ರ ದೊಡ್ಡದು. ಟ್ಯೂಬ್ ಬಿಸಿಯಾಗಿ ಹಿಗ್ಗುವಾಗ ಮೋಡ್‌ಗಳ ಬಲ ಏರಿಳಿಯುತ್ತದೆ. ಒಂದೇ ಮೋಡ್ ಮೇಲುಗೈಯಾದ ಹೊತ್ತಿನಲ್ಲಿ ಫ್ರಿಂಜ್ ಕಾಣುತ್ತವೆ.

ಕನ್ನಡಿಯನ್ನು 25 ಸೆಂ.ಮೀ.ಗೆ ಒಯ್ಯಿರಿ, ಫ್ರಿಂಜ್ ವಾಪಸ್ ಬರಬೇಕು. ಇಂಥ ಟ್ಯೂಬಿನಲ್ಲಿ ಅಕ್ಕಪಕ್ಕದ ಮೋಡ್‌ಗಳ ಧ್ರುವೀಕರಣ (ಕಂಪನದ ದಿಕ್ಕು) ಸಾಮಾನ್ಯವಾಗಿ ಒಂದಕ್ಕೊಂದು ಅಡ್ಡ ಇರುತ್ತದೆ. ಲೇಸರ್ ಮುಂದೆ ಪೋಲರಾಯ್ಡ್ (ಒಂದೇ ದಿಕ್ಕಿನ ಕಂಪನ ಬಿಡುವ ಹಾಳೆ) ಇಟ್ಟು ನಿಧಾನ ತಿರುಗಿಸಿ. ಒಂದು ಮೋಡ್ ತಡೆದರೆ 12 ಸೆಂ.ಮೀ.ನಲ್ಲೂ ಫ್ರಿಂಜ್ ಉಳಿಯುತ್ತವೆ.

ಕಲ್ಲುಮೇಜು:
ಆದರೂ ಸ್ಕೂಟರ್ ಟ್ಯೂಬಿನ ಗಾಳಿ ಒಮ್ಮೆ ನೋಡಿ.

ಕೆಂಪುಗೆರೆ:
25ರಲ್ಲಿ ಬಂತು ಸರ್! ಸ್ವಲ್ಪ ಮಸುಕು, ಆದರೆ ಬಂತು. ಪೋಲರಾಯ್ಡ್ ಇನ್ನು ಹುಡುಕಬೇಕು.

ಹೊಸಬ:
ನನ್ನದು 650 ನ್ಯಾನೋಮೀಟರಿನ ಡಯೋಡ್ ಪಾಯಿಂಟರ್. ಕೆಲವು ಮಿ.ಮೀ. ಸರಿಸಿದರೇ ಹೋಗುತ್ತದೆ. ಇದಕ್ಕೂ ಪೋಲರಾಯ್ಡ್ ಸಾಕಾ?