ಅಪ್‌ಡೇಟ್: ಇಂಪ್ಲಾಂಟ್ ಆಪರೇಷನ್ ಸದ್ಯಕ್ಕೆ ಬೇಡ ಅಂದುಕೊಂಡೆ

ಮೂರು ತಿಂಗಳ ಹಿಂದೆ ಕೇಳಿದ್ದೆ: ನಿಮಿರುವಿಕೆಯ ತೊಂದರೆಗೆ ಮಾತ್ರೆ ಕೆಲಸ ಮಾಡುತ್ತಿಲ್ಲ, ಲಿಂಗದೊಳಗೆ ಇಂಪ್ಲಾಂಟ್ (ನಿಮಿರಲು ನೆರವಾಗುವ ಸಾಧನ) ಹಾಕಿಸಿಕೊಳ್ಳಲೇ? ವಯಸ್ಸು 52, ಜೊತೆಗೆ ಸಕ್ಕರೆ ಕಾಯಿಲೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಈ ಸಲ ಹೆಂಡತಿಯನ್ನೂ ಕರೆದುಕೊಂಡು ಯೂರಾಲಜಿಸ್ಟ್ ಹತ್ತಿರ ಹೋದೆ. ಮೊದಲ ಪ್ರಶ್ನೆಗೇ ಸಿಕ್ಕಿಬಿದ್ದೆ. ಸಿಲ್ಡೆನಾಫಿಲ್ ಮಾತ್ರೆಯನ್ನು ಹೊಟ್ಟೆ ತುಂಬ ಉಂಡ ಕೂಡಲೇ ನುಂಗುತ್ತಿದ್ದೆ! ಜಿಡ್ಡಿನ ಊಟವಾದ ಮೇಲೆ ಅದು ತಡವಾಗಿ ಕೆಲಸ ಮಾಡುತ್ತದಂತೆ. ಸರಿ ಮಾಡಿಕೊಂಡೆ. ಸ್ವಲ್ಪ ವಾಸಿ, ಆದರೆ ಸಾಲದು.

ಆಪರೇಷನ್ ಅಂದರೆ ಲಿಂಗದೊಳಗೆ ಎರಡು ಸಿಲಿಂಡರ್, ವೃಷಣದ ಚೀಲದಲ್ಲಿ ಪಂಪ್, ಹೊಟ್ಟೆಯೊಳಗೆ ದ್ರವದ ಚೀಲ. ಸ್ಪರ್ಶ, ಸುಖ ಸಾಮಾನ್ಯವಾಗಿ ಮೊದಲಿನಂತೆಯೇ ಇರುತ್ತದೆ. ಉದ್ದ ಜಾಸ್ತಿಯಾಗುವುದಿಲ್ಲ. ಮುಂದೆ ತೆಗೆಸಿದರೂ ಸಹಜ ನಿಮಿರುವಿಕೆ ಮರಳಿ ಬರುತ್ತದೆ ಅಂತ ನಂಬುವಂತಿಲ್ಲ. ಅದೂ ಯಂತ್ರವೇ ಅಲ್ವಾ, ಕೆಲವು ವರ್ಷಗಳ ನಂತರ ಬದಲಿಸಬೇಕಾಗಬಹುದು.

ನನ್ನನ್ನು ತಡೆದದ್ದು ಮಾತ್ರ ಸೋಂಕಿನ ಭಯ. ನನ್ನ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 9.4 ಇತ್ತು, ಅಂದರೆ ಸಕ್ಕರೆ ತುಂಬ ಜಾಸ್ತಿ. ಸೋಂಕಾದರೆ ಇಡೀ ಸಾಧನ ಹೊರತೆಗೆಯಬೇಕಾಗುತ್ತದೆ, ಮೊದಲು ಸಕ್ಕರೆ ಇಳಿಸಿಕೊಂಡು ಬನ್ನಿ ಎಂದರು ಡಾಕ್ಟರ್.

ಈಗ ನಿಮಿರುವಿಕೆಗೆ ಇಂಜೆಕ್ಷನ್ ನಡೆಯುತ್ತಿದೆ. ಲಿಂಗದ ಬದಿಗೆ ನಾನೇ ಚುಚ್ಚಿಕೊಳ್ಳಬೇಕು. ಮೊದಲ ಸಲ ಕೈ ನಡುಗಿತು; ಸೂಜಿ ನೋಡಿದರೆ ಕೂದಲಷ್ಟು ಸಣ್ಣದು, ಸುಮ್ನೆ ಹೆದರಿದ್ದೆ. ಕೆಲಸ ಮಾಡುತ್ತಿದೆ. ನಾಲ್ಕು ಗಂಟೆಯಾದರೂ ನಿಮಿರುವಿಕೆ ಇಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಓಡಬೇಕು, ಅಷ್ಟು ಎಚ್ಚರ ಇರಲಿ.

ಹೆಂಡತಿ ಕೇಳಿದ್ದು ಒಂದೇ ಮಾತು: "ಇಷ್ಟು ದಿನ ಯಾಕೆ ಹೇಳಲಿಲ್ಲ? ನನ್ನ ಮೇಲೆ ಮನಸ್ಸಿಲ್ಲ ಅಂದುಕೊಂಡಿದ್ದೆ." ಏನು ಹೇಳಲಿ! ಸಕ್ಕರೆ ಹತೋಟಿಗೆ ಬಂದ ಮೇಲೆ ಆಪರೇಷನ್ ವಿಷಯ ಇಬ್ಬರೂ ಕೂತು ಮಾತಾಡುತ್ತೇವೆ.