ಅತ್ತೆಯನ್ನು ಲಿಫ್ಟಿನ ಹತ್ತಿರ ತಡೆದರು: ಹೈಫೈ ಜನರ ನಡುವೆ ಬದುಕೋದು ಹೇಗೆ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ಸರ್ಜಾಪುರ ರಸ್ತೆ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮೂರು ರಾಣೆಬೆನ್ನೂರಿನ ಹತ್ತಿರ ಒಂದು ಹಳ್ಳಿ. ಯಜಮಾನರು ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಹೋದ ವರ್ಷ ಸಾಲ ಮಾಡಿ ಇಲ್ಲಿ ದೊಡ್ಡ ಅಪಾರ್ಟ್‌ಮೆಂಟೊಂದರಲ್ಲಿ ಮನೆ ತಗೊಂಡೆವು. ದಸರಾ ರಜೆಗೆ ಅತ್ತೆ ಬಂದಿದ್ದರು. ಇಳಕಲ್ ಸೀರೆ, ತಲೆ ಮೇಲೆ ಸೆರಗು, ಕಾಲಲ್ಲಿ ಹವಾಯಿ ಚಪ್ಪಲಿ. ಸಂಜೆ ಕೆಳಗೆ ಪಾರ್ಕಿನಲ್ಲಿ ಕೂತಿದ್ದು, ಮೇಲೆ ಬರೋಕೆ ಲಿಫ್ಟಿನ ಹತ್ತಿರ ಹೋದರೆ ಸೆಕ್ಯುರಿಟಿಯವನು ತಡೆದು ಸರಕು ಸಾಗಿಸೋ ಸರ್ವೀಸ್ ಲಿಫ್ಟ್ ಕಡೆ ಕೈ ತೋರಿಸಿದ. ಅತ್ತೆ ಫೋನ್ ಮಾಡಿದರು, ನಾನು ಇಳಿದು ಹೋದೆ. ಅಲ್ಲೇ ಇದ್ದ ಅಸೋಸಿಯೇಷನ್ ಮೆಂಬರ್ ಒಬ್ಬರು "ಅಯ್ಯೋ ಸಾರಿ, ನಿಮ್ಮತ್ತೆ ಅಂತ ಗೊತ್ತಾಗ್ಲಿಲ್ಲ, ಮೇಡ್ ಅಂದ್ಕೊಂಡ" ಅಂದರು. ಅತ್ತೆ ಏನೂ ಮಾತಾಡಲಿಲ್ಲ. ಮರುದಿನವೇ ಊರಿಗೆ ಹೊರಟುಬಿಟ್ಟರು.

ಇನ್ನೊಂದು ಸಂಕಟ ಮಗಳದ್ದು. ಐದನೇ ಕ್ಲಾಸು. ಶಾಲೆಯ ಮೀಟಿಂಗಿಗೆ ಹೊರಟಾಗ "ಅಮ್ಮಾ, ಮಿಸ್ ಹತ್ರ ಅಪ್ಪನೇ ಮಾತಾಡ್ಲಿ, ನೀನು ಸುಮ್ನೆ ಇರು" ಅಂದಳು. ಇಲ್ಲಿನ ತಾಯಂದಿರೆಲ್ಲ ಇಂಗ್ಲಿಷಿನಲ್ಲೇ ಮಾತಾಡೋದು. ನಾನು ಹೋದರೆ ನಗುನಗುತ್ತಾ ಹಾಯ್ ಅಂತಾರೆ, ಆಮೇಲೆ ಅವರವರೇ. ಇಂಗ್ಲಿಷ್ ಕ್ಲಾಸಿಗೆ ಸೇರಲಾ? ಬಟ್ಟೆಬರೆ ಬದಲಾಯಿಸಲಾ? ಇಲ್ಲ, ಮನೆ ಬಾಡಿಗೆಗೆ ಕೊಟ್ಟು ನಮ್ಮಂಥವರು ಇರೋ ಏರಿಯಾಗೆ ಹೋಗೋದೇ ಸರಿನಾ? ಇಂಥದ್ದು ಅನುಭವಿಸಿದವರು ಹೇಳಿ.

ಮೈಸೂರಿನಿಂದ

ಇಂಗ್ಲಿಷ್ ಖಂಡಿತ ಕಲಿಯಿರಿ ಮೇಡಂ. ಬ್ಯಾಂಕಿಗೆ, ಆಸ್ಪತ್ರೆಗೆ, ಮಗಳ ಪಾಠಕ್ಕೆ ಬೇಕಾಗುತ್ತದೆ. ಆದರೆ ಆ ಹೆಂಗಸರ ಗುಂಪಿಗೆ ಸೇರೋದಕ್ಕೆ ಅಂತ ಕಲಿಯಬೇಡಿ. ಗುಂಪು ಕಟ್ಟಿಕೊಂಡವರು ಬಾಗಿಲು ತೆಗೆಯೋಕೆ ದಿನಕ್ಕೊಂದು ಹೊಸ ಷರತ್ತು ಹಾಕ್ತಾರೆ. ಭಾಷೆ ಬಂದ ಮೇಲೆ ಉಚ್ಚಾರಣೆ ಸರಿಯಿಲ್ಲ ಅಂತಾರೆ. ನಾನು ಕಾಲೇಜಿನಲ್ಲಿ ಇದನ್ನು ಪೂರ್ತಿ ಅನುಭವಿಸಿದ್ದೇನೆ.

ಯಶವಂತಪುರದಿಂದ

ಅಕ್ಕಾ, ನಿಮ್ಮ ಅತ್ತೆಯ ವಿಷಯ ಓದಿ ರಾತ್ರಿಯೆಲ್ಲ ಅದೇ ಯೋಚನೆ. ನಮ್ಮಮ್ಮ ಜೀವನಪೂರ್ತಿ ಮನೆಗೆಲಸ ಮಾಡಿ ನನ್ನನ್ನು ಓದಿಸಿದವರು. ನಾನೀಗ ಬ್ಯಾಂಕಿನಲ್ಲಿ ಆಫೀಸರ್. ಅದಕ್ಕೇ ಇದನ್ನು ಸ್ವಲ್ಪ ಉದ್ದವಾಗಿ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಶಾಲೆ ಬಿಟ್ಟ ಮೇಲೆ ಅಮ್ಮ ಕೆಲಸ ಮಾಡೋ ಮನೆಗೆ ಹೋಗಿ ಕೂರ್ತಿದ್ದೆ. ಬಟ್ಟೆ ಒಗೆಯೋ ಜಾಗದಲ್ಲಿ, ಕಿಟಕಿ ಸರಳಿನ ಹಿಂದೆ, ಅಮ್ಮನ ಲೋಟ ಬೋರಲು ಹಾಕಿರ್ತಿತ್ತು. ಅಂಚು ನಗ್ಗಿದ ಸ್ಟೀಲ್ ಲೋಟ. ಅದರ ಪಕ್ಕದಲ್ಲೇ ಸೋಪಿನ ಪುಡಿ ಡಬ್ಬ. ಮನೆಯ ಅಷ್ಟೂ ಪಾತ್ರೆ ಅಮ್ಮನೇ ತೊಳೀತಿದ್ದರು, ದೇವರ ಮನೆಯ ಹಿತ್ತಾಳೆ ದೀಪ ಕೂಡ. ತೊಳೆದ ಪಾತ್ರೆಗಳೆಲ್ಲ ಅಡುಗೆಮನೆಯ ಒಳಗೆ ಹೋಗ್ತಿದ್ದವು, ಆ ಲೋಟ ಮಾತ್ರ ಆಚೆ. ಆ ಮನೆಯವರು ಕೆಟ್ಟವರಲ್ಲ. ನನ್ನ ಪರೀಕ್ಷೆ ಫೀಸು ಕಟ್ಟಿದ್ದಾರೆ, ಹಬ್ಬಕ್ಕೆ ಸೀರೆ ಕೊಟ್ಟಿದ್ದಾರೆ. ಲೋಟ ಮಾತ್ರ ಒಳಗೆ ಬರಲಿಲ್ಲ. ನಮ್ಮಲ್ಲಿ 'ಕ್ಲಾಸ್' ಅಂತ ಹೇಳಿಕೊಳ್ಳೋದರ ಮುಕ್ಕಾಲು ಪಾಲು ಜಾತಿಯೇ ಅಂತ ನನಗೆ ಗೊತ್ತಾದದ್ದು ಆ ಲೋಟದಿಂದ. ಮಡಿ ಅನ್ನುತ್ತಿದ್ದವರ ಮೊಮ್ಮಕ್ಕಳು ಈಗ ಹೈಜೀನ್ ಅಂತಾರೆ.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ಆ ಮೆಂಬರ್ ಕೇಳಿದ ಸಾರಿ ಇನ್ನೊಂದು ಸಲ ಓದಿ ನೋಡಿ. 'ಮೇಡ್ ಅಂದ್ಕೊಂಡ.' ಅಂದರೆ ಕೆಲಸದವರಾಗಿದ್ದರೆ ತಡೆದದ್ದು ಸರಿಯೇ ಇತ್ತು ಅಂತ ಅರ್ಥ. ನಿಮ್ಮ ಅತ್ತೆ ಮೌನವಾಗಿದ್ದು ಯಾಕೆ ಅಂತ ನನಗೆ ಗೊತ್ತಿಲ್ಲ, ಆದರೆ ಹೊಲದಲ್ಲಿ ದುಡಿದ ಹೆಂಗಸಿಗೆ ಆ ಮಾತಿನ ಅರ್ಥ ತಕ್ಷಣ ಹೊಳೆದಿರುತ್ತದೆ. 'ಇವರು ನನ್ನತ್ತೆ, ಫ್ಲ್ಯಾಟ್ ಓನರ್ ತಾಯಿ' ಅಂತ ನೀವು ಜಗಳಕ್ಕೆ ನಿಂತರೆ ನಿಮ್ಮತ್ತೆ ಒಬ್ಬರಿಗೆ ಲಿಫ್ಟು ಸಿಗುತ್ತದೆ. ಮರುದಿನ ಬೆಳಗ್ಗೆ ನಿಮ್ಮ ಮನೆಗೇ ಪಾತ್ರೆ ತೊಳೆಯೋಕೆ ಬರೋ ಹೆಂಗಸನ್ನು ಅದೇ ಹುಡುಗ ಅದೇ ಕೈಸನ್ನೆಯಲ್ಲಿ ಹಿಂದಕ್ಕೆ ಕಳಿಸ್ತಾನೆ. ಕೇಳೋದಾದರೆ ಇಬ್ಬರ ಪರವಾಗಿಯೂ ಕೇಳಿ.

ಆ ಹುಡುಗನ ಮೇಲೆ ಸಿಟ್ಟು ತೀರಿಸಿಕೊಳ್ಳಬೇಡಿ. ಹನ್ನೆರಡು ಗಂಟೆ ನಿಂತು ಕೆಲಸ ಮಾಡೋ ಅವನಿಗೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಅಂತ ಬಟ್ಟೆ ನೋಡಿ ಅಳೆಯೋಕೆ ಕಲಿಸಿದವರು ಮೇಲೆ ಇದ್ದಾರೆ. ತಪ್ಪಾಗಿ ಯಾರನ್ನೋ ಬಿಟ್ಟರೆ ಕೆಲಸ ಹೋಗೋದು ಅವನದ್ದೇ.

ನಮ್ಮ ರಾಜ್ಯದಲ್ಲಿ ಮನೆಗೆಲಸದವರನ್ನು ಕನಿಷ್ಠ ವೇತನದ ಪಟ್ಟಿಗೆ ಸೇರಿಸಿ 2004ರಲ್ಲೇ ಆದೇಶ ಆಗಿದೆ. ಲಿಫ್ಟಿನ ಮುಂದೆ ಬೋರ್ಡು ಹಾಕೋಕೆ ಉತ್ಸಾಹ ತೋರಿಸೋ ಅಸೋಸಿಯೇಷನ್‌ನವರು ಆ ಆದೇಶದ ಬಗ್ಗೆ ಮೀಟಿಂಗ್ ಮಾಡಿದ್ದು ನಾನಂತೂ ಕೇಳಿಲ್ಲ.

ರಿಚ್ಮಂಡ್ ಟೌನ್‌ನಿಂದ

ನಾನು ಬೆಳೆದದ್ದು ನೀವೆಲ್ಲ ಪಾಶ್ ಅನ್ನೋ ಮನೆಯಲ್ಲಿ. ಹಾಗಾಗಿ ಒಳಗಿನಿಂದ ಇದು ಹೇಗೆ ನಡೆಯುತ್ತೆ ಅಂತ ಹೇಳಬಲ್ಲೆ.

ಮೊದಲನೆಯದು, ನಿಜವಾಗಿ ತಲೆತಲಾಂತರದಿಂದ ಸಿರಿವಂತರಾದವರ ಮನೆಯಲ್ಲಿ ದುಡ್ಡಿನ ಮಾತೇ ಬರೋದಿಲ್ಲ. ಹೊಸಬರು ಬಂದರೆ ಕೇಳೋ ಪ್ರಶ್ನೆಗಳೇ ಬೇರೆ. ಯಾವ ಸ್ಕೂಲು? ಬೇಸಿಗೆಗೆ ಎಲ್ಲಿಗೆ ಹೋಗ್ತೀರಿ? ಅಪ್ಪ ಯಾವ ಕ್ಲಬ್? ಮೂರು ಪ್ರಶ್ನೆ ಮುಗಿಯೋದರೊಳಗೆ ನಿಮ್ಮ ಜಾಗ ಯಾವುದು ಅಂತ ತೀರ್ಮಾನ ಆಗಿರುತ್ತೆ. ಯಾರೂ ದನಿ ಎತ್ತೋದಿಲ್ಲ, ಎಲ್ಲರೂ ತುಂಬಾ ಸಭ್ಯರು. ಆ ಸಭ್ಯತೆ ಎದುರು ಕೂತವರಿಗೆ ಎಷ್ಟು ಚುಚ್ಚುತ್ತೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ನನ್ನ ಗಂಡ ಮಂಡ್ಯದ ಕಡೆಯವರು. ಮೊದಲ ಸಲ ನಮ್ಮನೆಗೆ ಊಟಕ್ಕೆ ಬಂದಾಗ ಅನ್ನ ಕಲಸೋಕೆ ಕೈ ಹಾಕಿದರು. ನಮ್ಮ ದೊಡ್ಡಮ್ಮ ಒಂದು ಮಾತೂ ಆಡದೆ ಅವರ ತಟ್ಟೆಯ ಪಕ್ಕಕ್ಕೆ ಫೋರ್ಕ್ ಸರಿಸಿದರು. ಅಷ್ಟೇ.

ಈ ಊರಿಗೆ ಇದು ಹೊಸದೂ ಅಲ್ಲ. 1809ರಲ್ಲಿ ಬ್ರಿಟಿಷರು ದಂಡು ಪ್ರದೇಶ ಕಟ್ಟಿದಾಗಿನಿಂದ ಇಲ್ಲಿ ಎರಡು ಊರು. ಪೇಟೆಯ ಕಡೆ ಕನ್ನಡದ ಊರು, ಆ ಕಡೆ ಕಂಟೋನ್ಮೆಂಟು. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ. ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಕಾಗದದ ಮೇಲೆ ಸೇರಿದವು, ಆದರೆ ಎಂ.ಜಿ. ರಸ್ತೆಯ ಅಂಗಡಿಗೆ ಹೋದರೆ ಇಂಗ್ಲಿಷ್ ಮಾತಾಡಬೇಕು ಅನ್ನೋ ಅಳುಕು ಚಾಮರಾಜಪೇಟೆಯವರಿಗೆ ಬಹಳ ಕಾಲ ಇತ್ತು. ಅಂದಿನ ದೊರೆಗಳ ದೊಡ್ಡತನದ ಒಂದು ಲೆಕ್ಕ 1868ರಲ್ಲಿ ಶುರುವಾದ ಬೆಂಗಳೂರು ಕ್ಲಬ್ಬಿನಲ್ಲಿ ಈಗಲೂ ಇದೆ. ಇಲ್ಲಿ ಸೈನ್ಯದಲ್ಲಿದ್ದ ಯುವಕ ವಿನ್‌ಸ್ಟನ್ ಚರ್ಚಿಲ್ 13 ರೂಪಾಯಿ ಬಾಕಿ ಉಳಿಸಿ ಹೋದದ್ದು 1899ರ ಪುಸ್ತಕದಲ್ಲಿ ದಾಖಲಾಗಿದೆ.

ಎರಡನೆಯದು, ನಿಮಗೆ ಹೆಚ್ಚು ಉಪಯೋಗ ಆಗೋದು. ನಿಮ್ಮ ಅಪಾರ್ಟ್‌ಮೆಂಟಿನಲ್ಲಿರೋರು ಬಹುಪಾಲು ಆ ಹಳೇ ಸಿರಿವಂತರಲ್ಲ. ನಿಮ್ಮ ಹಾಗೇ ಒಂದು ತಲೆಮಾರಿನ ಹಿಂದೆ ಹಳ್ಳಿಯಿಂದಲೋ ಸಣ್ಣ ಊರಿಂದಲೋ ಬಂದವರು, ನಿಮ್ಮ ಹಾಗೇ ಇಎಂಐ ಕಟ್ಟುತ್ತಿರುವವರು. ಅವರ ಮನೆಯಲ್ಲೂ ಸೆರಗು ಹೊದ್ದ ಅಜ್ಜಿ ಇದ್ದಾರೆ. ನಿಮ್ಮನ್ನು ದೂರ ಇಡೋದರ ಹಿಂದೆ ಇರೋದು ಹೆಮ್ಮೆಗಿಂತ ಹೆಚ್ಚಾಗಿ ಭಯ. ನಿಮ್ಮ ಜೊತೆ ಕಂಡರೆ ತಮ್ಮ ಮೂಲವೂ ಕಾಣಿಸಿಬಿಡುತ್ತೆ ಅನ್ನೋ ಭಯ. ಅವರಲ್ಲಿ ಒಬ್ಬರನ್ನು ಒಂಟಿಯಾಗಿ ಮಾತಾಡಿಸಿ ನೋಡಿ. ಗುಂಪಿನಲ್ಲಿ ಇರೋ ಗತ್ತು ಒಬ್ಬೊಬ್ಬರೇ ಸಿಕ್ಕಾಗ ಇರೋದಿಲ್ಲ.

ಪ್ರಶ್ನೆ ಕೇಳಿದವರು

ಯಶವಂತಪುರದ ತಂಗಿ, ನಿಮ್ಮ ಮಾತು ನಾಟಿತು. ಅತ್ತೆಗೆ ಫೋನ್ ಮಾಡಿ ಕೇಳಿದೆ. "ನನ್ನ ಕೆಲಸದಾಕಿ ಅಂದ್ರ ನನಗೇನು ಅವಮಾನ ಇಲ್ಲವ್ವಾ, ದುಡಿಯೂದು ಅವಮಾನ ಏನು? ಆದ್ರ ದುಡಿಯೂ ಮಂದೀನ ಹಿಂಗ ನೋಡೂ ಕಡೆ ನಂಗ ಇರಾಕ ಮನಸಾಗ್ಲಿಲ್ಲ" ಅಂದರು. ಮಗಳಿಗೆ ಏನು ಹೇಳಬೇಕು ಅಂತ ಮಾತ್ರ ಇನ್ನೂ ತಿಳೀತಿಲ್ಲ.

ಹುಬ್ಬಳ್ಳಿಯಿಂದ

ಅಕ್ಕಾರ, ನಿಮ್ಮ ಅತ್ತಿಯವರಿಗೆ ನನ್ನ ಶರಣು ಹೇಳ್ರಿ. ನಾ ಬೆಂಗಳೂರಾಗ ಎಂಟ್ಹತ್ತು ವರ್ಷ ಇದ್ದು ಬಂದಾಂವ. ಆಫೀಸ್‌ನಾಗ ನಮ್ಮ ಕಡೆ ಮಾತು ಕೇಳಿದ ಕೂಡ್ಲೆ "ಯಾಕ್ರೀ, ಜಗಳ ಮಾಡ್ತಿದೀರಾ?" ಅಂತ ನಗ್ತಿದ್ರು. ಅವರೂ ಕನ್ನಡದವರ. ಇಂಗ್ಲಿಷ್ ಬರೂದಿಲ್ಲ ಅಂತ ನಗೂದು ಒಂದು ತರಾ, ನಿಮ್ಮ ಕನ್ನಡ ಸರಿ ಇಲ್ಲ ಅಂತ ನಗೂದು ಇನ್ನೊಂದು ತರಾ. ನನಗ ಎರಡನೇದ್ದ ಭಾಳ ನೋವಾತು.

ನಿಮ್ಮ ಹಾವೇರಿ ಜಿಲ್ಲಾದ್ದ ಒಬ್ಬ ರೈತರನ್ನ 2024ರ ಜುಲೈದಾಗ ಮಾಗಡಿ ರಸ್ತೆದ ಮಾಲ್‌ನಾಗ ಪಂಚೆ ಉಟ್ಟಾರ ಅಂತ ಒಳಗ ಬಿಡಲಿಲ್ಲ, ನೆನಪೈತಲ್ರಿ? ಮಗಾ ಸಿನಿಮಾ ತೋರಸಾಕ ಕರ್ಕೊಂಡು ಹೋಗಿದ್ದ. ವಿಡಿಯೋ ಊರೆಲ್ಲಾ ಹಬ್ಬಿತು, ಮಾಲ್ ಏಳು ದಿವಸ ಮುಚ್ಚಸ್ತೀವಿ ಅಂತ ಸರಕಾರದವರು ವಿಧಾನಸಭಾದಾಗ ಹೇಳಿದ್ರು. ಅದೇ ವರ್ಷ ಫೆಬ್ರುವರಿದಾಗ ರಾಜಾಜಿನಗರ ಮೆಟ್ರೋ ಸ್ಟೇಷನ್‌ನಾಗ ಅರಿವಿ ಗಂಟು ಹೊತ್ತ ರೈತರನ್ನ ತಡದಿದ್ರು. ಟಿಕೆಟ್ ಕೈಯಾಗ ಇತ್ತು. ಅಲ್ಲಿದ್ದ ಪ್ರಯಾಣಿಕರ ವಾದಾ ಮಾಡಿ ಅವರನ್ನ ಒಳಗ ಕರ್ಕೊಂಡು ಹೋದ್ರು, ಆಮ್ಯಾಲೆ ಮೆಟ್ರೋದವರು ಸೆಕ್ಯುರಿಟಿ ಸೂಪರ್ವೈಸರ್‌ನ ಕೆಲಸದಿಂದ ತಗದ್ರು. ತಮಿಳುನಾಡಿನಾಗ 2014ರಾಗ ಹೈಕೋರ್ಟ್ ಜಡ್ಜ್ ಒಬ್ಬರನ್ನ ಪಂಚೆ ಉಟ್ಟಾರ ಅಂತ ಚೆನ್ನೈದ ಕ್ಲಬ್ಬಿನಾಗ ಬಿಡದಾಗ, ಆ ಸರಕಾರ ಅದೇ ವರ್ಷ ಕಾಯ್ದೆನ ಮಾಡಿತು. ಜಡ್ಜ್ ಸಾಹೇಬರಿಗೆ ಆದ್ರ ಕಾಯ್ದೆ, ರೈತರಿಗೆ ಆದ್ರ ಏಳು ದಿವಸ ಬೀಗ. ಇದು ನನ್ನ ಮನಸಿನ್ಯಾಗ ಕೊರೀತೈತ್ರಿ.

ಮನಿ ಬಿಟ್ಟು ಹೋಗಬ್ಯಾಡ್ರಿ. ಸಾಲಾ ನೀವೂ ತೀರಸಾಕತ್ತೀರಿ.

ಇಂಗ್ಲೆಂಡಿನ ಲೀಡ್ಸ್‌ನಿಂದ

ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಇಲ್ಲಿಯ ಬಿಳಿಯರೇ ಒಬ್ಬರನ್ನೊಬ್ಬರು ಮಾತಿನ ಧಾಟಿಯಲ್ಲಿ ಅಳೆಯೋದು ನೋಡಿ ನನಗೆ ಮೊದಮೊದಲು ಆಶ್ಚರ್ಯ ಆಗ್ತಿತ್ತು. ಉತ್ತರದ ಕಡೆಯ ಧಾಟಿ ಇದ್ದರೆ ಲಂಡನ್ನಿನ ಇಂಟರ್‌ವ್ಯೂನಲ್ಲಿ ತೊಂದರೆ ಅಂತ ನನ್ನ ಜೊತೆಯವರೇ ಹೇಳ್ತಾರೆ. 1954ರಲ್ಲೇ ಅಲನ್ ರಾಸ್ ಅನ್ನೋ ಪ್ರೊಫೆಸರ್, ಮೇಲ್ವರ್ಗದವರು ಯಾವ ಪದ ಬಳಸ್ತಾರೆ, ಉಳಿದವರು ಯಾವುದು ಅಂತ ಪಟ್ಟಿ ಮಾಡಿ ಬರೆದಿದ್ದರು. ಖಾಸಗಿ ಶಾಲೆಗೆ ಹೋಗೋದು ಸುಮಾರು ಶೇ. 7 ಮಕ್ಕಳು. ಹಿರಿಯ ನ್ಯಾಯಾಧೀಶರಲ್ಲಿ ಆ ಶಾಲೆಗಳಿಂದ ಬಂದವರು ಶೇ. 65 ಅಂತ ಸಟನ್ ಟ್ರಸ್ಟ್ ಅನ್ನೋ ಇಲ್ಲಿನ ಸಂಸ್ಥೆಯ 2019ರ ವರದಿ ಹೇಳುತ್ತೆ. ಇಲ್ಲಿನ 2010ರ ಸಮಾನತೆ ಕಾಯ್ದೆಯಲ್ಲಿ ಬಣ್ಣ, ಧರ್ಮ, ಲಿಂಗ, ವಯಸ್ಸು ಎಲ್ಲ ಬರುತ್ತೆ, ವರ್ಗ ಬರೋದಿಲ್ಲ. ತಾರತಮ್ಯ ಮಾಡಬಾರದು ಅನ್ನೋ ನಮ್ಮ ಸಂವಿಧಾನದ 15ನೇ ವಿಧಿಯ ಪಟ್ಟಿಯಲ್ಲೂ ಜಾತಿ ಇದೆ, ಬಡತನ ಇಲ್ಲ.

ನಮ್ಮವರೂ ಕಡಿಮೆ ಇಲ್ಲ. ಯುಗಾದಿಗೆ ಕನ್ನಡದವರೆಲ್ಲ ಸೇರಿದಾಗ ಕೆಲವರು ಮೊದಲು ಕೇಳೋದು "ಡಾಕ್ಟರಾ? ಐಟಿನಾ?" ವೃದ್ಧಾಶ್ರಮದಲ್ಲಿ ಆರೈಕೆ ಕೆಲಸಕ್ಕೆ ಬಂದ ಹಾಸನದ ಹುಡುಗಿಯೊಬ್ಬಳು ಅದನ್ನು ಕೇಳಿ ಕೇಳಿ ಬರೋದನ್ನೇ ಬಿಟ್ಟಳು. ಈಗ ನಾವು ಮೂರ್ನಾಲ್ಕು ಜನ ಅವಳ ಮನೆಯಲ್ಲೇ ಹಬ್ಬ ಮಾಡ್ತೀವಿ. ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಹೀಗೆ ಮೂಲೆಗೆ ಸರಿದವರು ಇದ್ದೇ ಇರ್ತಾರೆ. ಹುಡುಕಿ.

ಶಿವಮೊಗ್ಗದಿಂದ, ನಿವೃತ್ತ ಶಿಕ್ಷಕಿ

ಮಗಳ ವಿಷಯ ಯಾರೂ ಸರಿಯಾಗಿ ಎತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬೆಂಗಳೂರಿನ ಖಾಸಗಿ ಶಾಲೆಯಲ್ಲಿ ಕೊನೆಯವರೆಗೆ ಕೆಲಸ ಮಾಡಿದವಳು ನಾನು.

ಅವಳನ್ನು ಬೈಯಬೇಡಿಮ್ಮ. 'ಅಮ್ಮನ ಬಗ್ಗೆ ನಾಚಿಕೆಯಾ ನಿನಗೆ?' ಅಂತ ಕೇಳಲೂ ಬೇಡಿ. ಹತ್ತು ವರ್ಷದ ಮಗು ಹಾಗೆ ಹೇಳಿದ್ದರೆ, ಕ್ಲಾಸಿನಲ್ಲಿ ಯಾರೋ ಯಾರದೋ ಅಮ್ಮನನ್ನು ಅಣಕಿಸಿದ್ದನ್ನು ಅವಳು ಕೇಳಿಸಿಕೊಂಡಿದ್ದಾಳೆ ಅಂತಲೇ ಅರ್ಥ. ನಿಮ್ಮನ್ನು ಆ ನಗುವಿನಿಂದ ಕಾಪಾಡೋಕೆ ಅವಳಿಗೆ ತೋಚಿದ ದಾರಿ ಅದೊಂದೇ. 'ಯಾರು ಏನಂದರು ಪುಟ್ಟಾ?' ಅಂತ ಮಲಗೋ ಹೊತ್ತಿನಲ್ಲಿ ಕೇಳಿ.

2012ರಿಂದ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಬಡ ಮನೆಗಳ ಮಕ್ಕಳು ನಮ್ಮ ಶಾಲೆಗೆ ಬರತೊಡಗಿದರು, ಶೇ. 25 ಸೀಟು. ಕೆಲವು ಪೋಷಕರು ಬಂದು "ನಮ್ಮ ಮಗೂನ ಆ ಮಕ್ಕಳ ಪಕ್ಕ ಕೂರಿಸಬೇಡಿ" ಅಂದದ್ದನ್ನು ನಾನೇ ಕೇಳಿದ್ದೇನೆ. ಮಕ್ಕಳಿಗೆ ಅದು ಗೊತ್ತೇ ಇರಲಿಲ್ಲ, ಡಬ್ಬಿ ಹಂಚಿಕೊಂಡು ತಿನ್ನುತ್ತಿದ್ದವು. ಎರಡು ಮೂರು ವರ್ಷ ದೊಡ್ಡವಾಗುವಷ್ಟರಲ್ಲಿ ಮನೆಯ ಮಾತು ಕ್ಲಾಸಿಗೆ ಬಂತು. ಹುಟ್ಟುಹಬ್ಬಕ್ಕೆ ಯಾರನ್ನು ಕರೆಯಬೇಕು ಅನ್ನೋ ಪಟ್ಟಿ ಅಮ್ಮಂದಿರು ಮಾಡತೊಡಗಿದರು. 2019ರಲ್ಲಿ ನಿಯಮ ಬದಲಾಗಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟು ಇಲ್ಲ ಅಂತಾಯಿತು. ಆ ಮಕ್ಕಳು ಬರೋದು ನಿಂತೇಹೋಯಿತು. ಅದು ನನಗೆ ಈಗಲೂ ದುಃಖದ ವಿಷಯ. ಬೇರೆ ಬೇರೆ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರದೆ ಈ ರೋಗ ಹೋಗುವುದಿಲ್ಲ.

ಮುಂದಿನ ಮೀಟಿಂಗಿಗೆ ನೀವೇ ಹೋಗಿ, ಕನ್ನಡದಲ್ಲೇ ಮಾತಾಡಿ. ಮೊದಲೇ ಡೈರಿಯಲ್ಲಿ ಎರಡು ಸಾಲು ಬರೆದು ಕಳಿಸಿ: ಗಣಿತದಲ್ಲಿ ಎಲ್ಲಿ ತಡವರಿಸುತ್ತಾಳೆ, ಯಾರ ಜೊತೆ ಆಡುತ್ತಾಳೆ ಅಂತ ಕೇಳಬೇಕಿದೆ ಅಂತ. ಪ್ರಶ್ನೆ ಸ್ಪಷ್ಟ ಇದ್ದರೆ ಟೀಚರ್ ಯಾವ ಭಾಷೆಯಲ್ಲಾದರೂ ಉತ್ತರ ಕೊಡುತ್ತಾರೆ, ಬೆಂಗಳೂರಿನ ಶಾಲೆಗಳಲ್ಲಿ ಕನ್ನಡ ಬಲ್ಲ ಟೀಚರ್ ಯಾರಾದರೂ ಇದ್ದೇ ಇರುತ್ತಾರೆ. ಅಮ್ಮ ಅಳುಕದೆ ಕೂತು ಮಾತಾಡಿದ್ದನ್ನು ಮಗಳು ಪಕ್ಕದಲ್ಲಿ ಕೂತು ನೋಡಲಿ. ರಜೆಯಲ್ಲಿ ಅವಳ ಗೆಳತಿಯೊಬ್ಬಳನ್ನೂ ಸೇರಿಸಿ ಊರಿಗೆ ಕರೆದುಕೊಂಡು ಹೋಗಿ. ಅಜ್ಜಿ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂರಿಸಿ.

ಹೆಬ್ಬಾಳದಿಂದ

ನಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್‌ನಲ್ಲಿ ಖಜಾಂಚಿ ಆಗಿದ್ದವನು ನಾನು. ಕೆಲಸದ ಮಾತಷ್ಟೇ ಹೇಳ್ತೀನಿ. ಲಿಫ್ಟಿನ ಈ ನಿಯಮ ಎಷ್ಟೋ ಕಡೆ ಬೈಲಾದಲ್ಲಿ ಇರೋದೇ ಇಲ್ಲ. ಕಮಿಟಿಯವರು ಯಾವತ್ತೋ ಸೆಕ್ಯುರಿಟಿ ಏಜೆನ್ಸಿಗೆ ಬಾಯಲ್ಲಿ ಹೇಳಿರ್ತಾರೆ, ಅದೇ ಪದ್ಧತಿ ಆಗಿಬಿಡುತ್ತೆ. ನೀವು ಓನರ್, ನಿಮಗೆ ಕೇಳೋ ಹಕ್ಕಿದೆ. ಸೆಕ್ರೆಟರಿಗೆ ಇಮೇಲ್ ಹಾಕಿ: ಈ ನಿಯಮ ಯಾವ ಮೀಟಿಂಗಿನಲ್ಲಿ ಪಾಸಾಯಿತು, ಅದರ ನಡಾವಳಿ ಕೊಡಿ ಅಂತ. ಅತ್ತೆಯ ಘಟನೆ ಬರೆಯಿರಿ, ಆದರೆ ಬೇಡಿಕೆ 'ನಮ್ಮ ಬಂಧುಗಳನ್ನು ಬಿಡಿ' ಅಂತ ಇರಬಾರದು. 'ಸರಕು, ಕಸ, ಫರ್ನಿಚರ್ ಸಾಗಿಸೋಕೆ ಸರ್ವೀಸ್ ಲಿಫ್ಟ್, ಮನುಷ್ಯರಿಗೆಲ್ಲ ಎಲ್ಲ ಲಿಫ್ಟೂ' ಅಂತ ಇರಲಿ. ಮುಂದಿನ ಜನರಲ್ ಬಾಡಿ ಅಜೆಂಡಾಕ್ಕೆ ಸೇರಿಸೋಕೆ ಹೇಳಿ. ಅದಕ್ಕೆ ಮುಂಚೆ ಒಂದಷ್ಟು ಮನೆಗಳ ಸಹಿ ಮಾಡಿಸಿ. ನಮ್ಮಲ್ಲಿ ಸಹಿ ಹಾಕಿದ ಮೊದಲನೆಯವರು ವಯಸ್ಸಾದ ತಂದೆತಾಯಿಯನ್ನು ಊರಿಂದ ಕರೆಸಿಕೊಂಡಿದ್ದವರು. ಅವರಿಂದಲೇ ಶುರು ಮಾಡಿ. ಮೀಟಿಂಗಿನಲ್ಲಿ ಇಂಗ್ಲಿಷಿನಲ್ಲೇ ಮಾತಾಡಿ ಅಂತ ಯಾರಾದರೂ ಅಂದರೆ ಕನ್ನಡದಲ್ಲೇ ಮುಂದುವರಿಸಿ, ಅನುವಾದ ಮಾಡೋಕೆ ಒಬ್ಬರಾದರೂ ಎದ್ದು ನಿಲ್ತಾರೆ. ಇಮೇಲ್ ಕರಡು ಬೇಕಿದ್ದರೆ ಇಲ್ಲೇ ಹೇಳಿ, ಭಾನುವಾರ ಕೂತು ಬರೆದುಕೊಡ್ತೀನಿ.