ಜೀತ ರದ್ದಾಗದೇ ಇದ್ದಿದ್ದರೆ ಎಂಬ ನಾಟಕ: ಆಡಬಹುದೇ?

ಪೊನ್ನಂಪೇಟೆ ಮೇಷ್ಟ್ರು:

ನಾನು ದಕ್ಷಿಣ ಕೊಡಗಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಬಿಡುವಿನಲ್ಲಿ ಊರಿನ ಹವ್ಯಾಸಿ ತಂಡಕ್ಕೆ ನಾಟಕ ಆಡಿಸುತ್ತೇನೆ. ಈ ಬಾರಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾನೇ ನಾಟಕ ಬರೆದು ತಂದಿದ್ದಾನೆ. 1834ರಲ್ಲಿ ಚಿಕ್ಕವೀರರಾಜ ಪಟ್ಟ ಕಳೆದುಕೊಳ್ಳಲಿಲ್ಲ, ಬ್ರಿಟಿಷರು ಕೊಡಗನ್ನು ಆಳಲಿಲ್ಲ, ಜೀತ ಎಂದೂ ರದ್ದಾಗಲಿಲ್ಲ ಎಂದು ಊಹಿಸಿಕೊಂಡ ಕಥೆ. ಕಾಲ ಮಾತ್ರ ಇಂದಿನದು. ಹೋಂಸ್ಟೇ ಇದೆ, ಮೊಬೈಲ್ ಇದೆ, ಕಾಫಿ ರಫ್ತು ಇದೆ. ಮೊದಲ ದೃಶ್ಯದಲ್ಲಿ ಉಪನೋಂದಣಿ ಕಚೇರಿ. ತೋಟವೊಂದು ಮಾರಾಟವಾಗುತ್ತಿದೆ. ಗುಮಾಸ್ತ ಕ್ರಯಪತ್ರ ಓದುತ್ತಾನೆ: ಸರ್ವೆ ನಂಬರು, ಇಷ್ಟು ರೊಬಸ್ಟಾ ಗಿಡ, ಇಷ್ಟು ಮೆಣಸಿನ ಬಳ್ಳಿ, ಇಷ್ಟು ಸಿಲ್ವರ್ ಓಕ್, ಅದೇ ಉಸಿರಿನಲ್ಲಿ ಇಷ್ಟು ಆಳು.

ಆ ದೃಶ್ಯವನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಆದರೆ ಎಲ್ಲರೂ ಕುಳಿತು ಓದಿದ ದಿನ, ತಂಡದಲ್ಲಿರುವ, ಹಿಂದೆ ಜೀತದಲ್ಲಿದ್ದ ಯರವ ಬುಡಕಟ್ಟಿನ ಹುಡುಗಿಯೊಬ್ಬಳು, ಪಿಯುಸಿ ಓದುತ್ತಿರುವವಳು, "ಸರ್, ಇದರಲ್ಲಿ ನಾವು ಏನು ಮಾಡಬೇಕು?" ಎಂದು ಕೇಳಿದಳು. ಹಾಳೆಗಳನ್ನು ತಿರುವಿ ನೋಡಿದೆ. ಸಾಹುಕಾರನಿಗೆ ಉದ್ದುದ್ದ ಮಾತುಗಳಿವೆ, ಪಶ್ಚಾತ್ತಾಪವಿದೆ, ಮಗಳೊಂದಿಗೆ ಜಗಳವಿದೆ. ಆಳುಗಳು ಹೊರೆ ಹೊರುತ್ತಾರೆ, ಹೊಡೆಸಿಕೊಳ್ಳುತ್ತಾರೆ, ಅಳುತ್ತಾರೆ. ಅಷ್ಟೇ.

ಇದನ್ನು ಬರೆದವನಿಗೆ ಹೇಳಿದೆ. ಅಮೆರಿಕದಲ್ಲಿ ಗುಲಾಮಗಿರಿ ಮುಂದುವರಿದಿದ್ದರೆ ಎಂಬ ಧಾರಾವಾಹಿಯನ್ನು ಚಿತ್ರಕಥೆ ಕೂಡ ಇಲ್ಲದಿರುವಾಗಲೇ ಕತ್ತು ಹಿಸುಕಿ ನಿಲ್ಲಿಸಿದರು, ನೀವೂ ಅದನ್ನೇ ಮಾಡುತ್ತೀರಾ ಎಂದು ಅವನು ಸಿಟ್ಟಾದ. ಬರೆಯುವ ಹುಡುಗನ ಕೈ ಕಟ್ಟಲು ನನಗೆ ಇಷ್ಟವಿಲ್ಲ. ಆ ಹುಡುಗಿಯ ತಲೆಯ ಮೇಲೆ ಹೊರೆ ಇಟ್ಟು ರಂಗದಲ್ಲಿ ನಿಲ್ಲಿಸಲೂ ಮನಸ್ಸಿಲ್ಲ. ಅಮೆರಿಕದಲ್ಲಿ ಆ ಧಾರಾವಾಹಿಗೆ ನಿಜವಾಗಿ ಏನಾಯಿತು? ವಿರೋಧಿಸಿದವರು ಮಾಡಿದ್ದು ಸರಿಯೇ? ಬಲ್ಲವರು ಹೇಳಬೇಕು.

ಮಡಿಕೇರಿ ಓದುಗಿ:

ಮೇಷ್ಟ್ರೇ, ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಆ ಜಗಳ ನಡೆಯುತ್ತಿದ್ದಾಗಲೇ ಅದರ ಬಗ್ಗೆ ಓದುತ್ತಿದ್ದೆ. ನಿಮ್ಮ ಶಿಷ್ಯ ಅದರ ಒಂದು ತುದಿಯನ್ನಷ್ಟೇ ಹಿಡಿದಿದ್ದಾನೆ.

2017ರ ಜುಲೈನಲ್ಲಿ ಎಚ್‌ಬಿಒ ವಾಹಿನಿ 'ಕಾನ್ಫೆಡರೇಟ್' ಎಂಬ ಧಾರಾವಾಹಿಯನ್ನು ಪ್ರಕಟಿಸಿತು. 'ಗೇಮ್ ಆಫ್ ಥ್ರೋನ್ಸ್' ಮಾಡಿದ್ದ ಡೇವಿಡ್ ಬೆನಿಯಾಫ್ ಮತ್ತು ಡಿ.ಬಿ. ವೈಸ್ ಅದರ ಮುಖ್ಯಸ್ಥರು. ಗುಲಾಮಗಿರಿ ಉಳಿಸಿಕೊಳ್ಳಲು ಅಂತರ್ಯುದ್ಧ ಮಾಡಿ ನಿಜದಲ್ಲಿ ಸೋತ ದಕ್ಷಿಣದ ರಾಜ್ಯಗಳು ಸೋಲದೆ ಒಕ್ಕೂಟದಿಂದ ಬೇರೆಯಾಗಿ ಉಳಿದವು, ಗುಲಾಮಗಿರಿ ಇಂದಿಗೂ ಅಲ್ಲಿ ಕಾನೂನುಬದ್ಧ ಎಂಬುದು ಕಥೆ. ಬರೆಯುವ ತಂಡದಲ್ಲಿ ನಿಷೆಲ್ ಟ್ರ್ಯಾಂಬಲ್ ಸ್ಪೆಲ್ಮನ್ ಮತ್ತು ಮಾಲ್ಕಮ್ ಸ್ಪೆಲ್ಮನ್ ಎಂಬ ಕಪ್ಪು ದಂಪತಿಯೂ ಇದ್ದರು, ಅದನ್ನೂ ಹೇಳಬೇಕು. ಅದೇ ತಿಂಗಳ 30ರಂದು ಏಪ್ರಿಲ್ ರೈನ್ ಎಂಬ ಹೋರಾಟಗಾರ್ತಿ ಮತ್ತು ಗೆಳತಿಯರು ಟ್ವಿಟರ್‌ನಲ್ಲಿ 'ಕಾನ್ಫೆಡರೇಟ್ ಬೇಡ' ಎಂಬ ಕೂಗೆಬ್ಬಿಸಿದರು. ನೋಡಲು ಏನಾದರೂ ಸಿದ್ಧವಾಗುವವರೆಗೆ ತೀರ್ಪು ಕೊಡಬೇಡಿ ಎಂದು ವಾಹಿನಿ ಕೇಳಿಕೊಂಡಿತು. ಎರಡು ವಾರ ತುಂಬುವುದರೊಳಗೆ, ಆಗಸ್ಟ್ 12ರಂದು, ಷಾರ್ಲಟ್ಸ್‌ವಿಲ್‌ನಲ್ಲಿ ದಕ್ಷಿಣದ ಸೇನಾಪತಿ ರಾಬರ್ಟ್ ಲೀಯ ಪ್ರತಿಮೆ ತೆಗೆಯಬಾರದೆಂದು ಬಿಳಿಯ ಜನಾಂಗವಾದಿಗಳು ಸೇರಿದರು. ಅವರಲ್ಲೊಬ್ಬ ಜನರ ಮೇಲೆ ಕಾರು ನುಗ್ಗಿಸಿ ಹೆದರ್ ಹೇಯರ್ ಎಂಬ ಯುವತಿಯನ್ನು ಕೊಂದ. ಧಾರಾವಾಹಿ ಚಿತ್ರೀಕರಣದ ಹಂತಕ್ಕೇ ಹೋಗಲಿಲ್ಲ. 2019ರಲ್ಲಿ ಬೆನಿಯಾಫ್, ವೈಸ್ ಇಬ್ಬರೂ ನೆಟ್‌ಫ್ಲಿಕ್ಸ್ ಜೊತೆ ಒಪ್ಪಂದ ಮಾಡಿಕೊಂಡರು, 2020ರ ಆರಂಭದಲ್ಲಿ ವಾಹಿನಿ ಯೋಜನೆ ಮುಗಿಯಿತೆಂದಿತು. ಯಾವ ಸರಕಾರವೂ ನಿಷೇಧಿಸಲಿಲ್ಲ, ಯಾವ ನ್ಯಾಯಾಲಯವೂ ತಡೆಯಲಿಲ್ಲ. ಬೇಡ ಎನ್ನುವ ಹಕ್ಕಿದ್ದವರು ಬೇಡ ಎಂದರು.

ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಮುಂದಿನದು. ಈ ಗದ್ದಲದ ನಡುವೆ, ಆಗಸ್ಟ್ 1ರಂದು, ಅಮೆಜಾನ್ ತನ್ನದೊಂದು ಧಾರಾವಾಹಿಯನ್ನು ಪ್ರಕಟಿಸಿತು: ವಿಲ್ ಪ್ಯಾಕರ್ ಮತ್ತು ಆರನ್ ಮೆಕ್‌ಗ್ರೂಡರ್ ಎಂಬ ಕಪ್ಪು ಕಲಾವಿದರ 'ಬ್ಲ್ಯಾಕ್ ಅಮೆರಿಕ'. ಬಿಡುಗಡೆಯಾದ ಗುಲಾಮರಿಗೆ ಪರಿಹಾರವಾಗಿ ಲೂಯಿಸಿಯಾನ, ಮಿಸಿಸಿಪ್ಪಿ, ಅಲಬಾಮ ರಾಜ್ಯಗಳು ಸಿಕ್ಕಿ, ಅವರು ತಮ್ಮದೇ ದೇಶ ಕಟ್ಟಿಕೊಂಡಿದ್ದರೆ ಏನಾಗುತ್ತಿತ್ತು ಎಂಬುದು ಅದರ ಕಲ್ಪನೆ. ಇದೂ ಆಗದೇ ಇದ್ದದ್ದರ ಕಥೆಯೇ. ಅದು ಕಾಲೂರಿ ನಿಂತಿರುವ ನೆಲ ಬೇರೆ. 1865ರ ಜನವರಿಯಲ್ಲಿ ಉತ್ತರದ ಸೇನೆಯ ಜನರಲ್ ಷರ್ಮನ್ ಕರಾವಳಿಯ ಜಮೀನನ್ನು ಬಿಡುಗಡೆಯಾದ ಗುಲಾಮರಿಗೆ, ಕುಟುಂಬಕ್ಕೆ 40 ಎಕರೆಯವರೆಗೆ ಹಂಚಲು ನಿಜವಾಗಿಯೂ ಆದೇಶ ಹೊರಡಿಸಿದ್ದ. ಜನ ಉತ್ತು ಬಿತ್ತಲು ತೊಡಗಿದ್ದರು. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದನ್ನು ಹಳೆಯ ಒಡೆಯರಿಗೇ ಮರಳಿಸಿದ. ಕೈಗೆ ಬಂದು ತಪ್ಪಿಹೋದ ಭೂಮಿಯ ಕಥೆ ಅದು.

ದಕ್ಷಿಣ ಗೆದ್ದಿದ್ದರೆ ಎಂದು ಕನಸು ಕಾಣುವವರು ಅಲ್ಲಿ ಮೊದಲೇ ಸಾಕಷ್ಟು ಇದ್ದಾರೆ. ದಕ್ಷಿಣ ಕೆರೊಲಿನದ ಶಾಸನ ಭವನದ ಅಂಗಳದಲ್ಲಿ ಸೋತವರ ಬಾವುಟ 2015ರವರೆಗೆ ಹಾರುತ್ತಿತ್ತು. ಚಾರ್ಲ್ಸ್‌ಟನ್‌ನ ಚರ್ಚಿನಲ್ಲಿ ಒಂಬತ್ತು ಕಪ್ಪು ಜನರನ್ನು ಕೊಂದ ಮೇಲೆ ಅದು ಇಳಿಯಿತು. ಗುಲಾಮಗಿರಿ ರದ್ದು ಮಾಡಿದ 13ನೇ ತಿದ್ದುಪಡಿಯೇ ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸುವುದನ್ನು ಹೊರಗಿಟ್ಟಿದೆ. ಅಂಥ ನೆಲದಲ್ಲಿ ಆ ಊಹೆ ಯಾರ ಮನರಂಜನೆಗೆ ಎಂದು ಕೇಳಿದವರನ್ನು ನಾನು ದೂರಲಾರೆ.

ನಾಟಕದ ಬಗ್ಗೆ ಒಂದು ಮಾತು. ಬ್ರಿಟಿಷರು ಬರದಿದ್ದರೆ ಜೀತ ಉಳಿಯುತ್ತಿತ್ತು ಎನ್ನುವಾಗ ಅವರು ಬಂದು ಬಿಡಿಸಿದರು ಎಂದು ಒಪ್ಪಿಕೊಂಡಂತಾಗುತ್ತದೆ. ಹಳೆಯ ದಾಖಲೆಗಳಲ್ಲಿ ಭೂಮಿ ಜಮ್ಮದ ಆಳು, ಒಕ್ಕಲು ಜಮ್ಮದ ಆಳು ಎಂಬ ಎರಡು ಬಗೆ ಇವೆ. ಮೊದಲನೆಯವರನ್ನು ಜಮೀನಿನಿಂದ ಕದಲಿಸುವಂತಿರಲಿಲ್ಲ, ಎರಡನೆಯವರನ್ನು ಮನೆತನ ಮಾರಬಹುದಿತ್ತು. ಬ್ರಿಟಿಷರ 1843ರ ಕಾಯ್ದೆ ಆಳಿನ ಮೇಲಿನ ಒಡೆತನವನ್ನು ನ್ಯಾಯಾಲಯ ಎತ್ತಿಹಿಡಿಯುವುದಿಲ್ಲ ಎಂದಿತು, ಬಿಡುಗಡೆಯಾದವನಿಗೆ ಒಂದು ಗುಂಟೆಯನ್ನೂ ಕೊಡಲಿಲ್ಲ. 1854ರಲ್ಲಿ ಮೊದಲ ಯುರೋಪಿಯನ್ ತೋಟ ತೆರೆಯಿತು. ಕಾಫಿಗೆ ಕೈಗಳು ಬೇಕಾಗಿದ್ದವು. ಸಾಲ ಕೊಟ್ಟು ದುಡಿಮೆಗೆ ಕಟ್ಟಿಹಾಕುವುದು ಅಪರಾಧ ಎಂದು ಕಾಯ್ದೆ ಬರಲು 1976 ಆಗಬೇಕಾಯಿತು. ನಿಮ್ಮ ಶಿಷ್ಯನ ಕಲ್ಪನೆ ದೂರ ಹೋಗಿಲ್ಲ ಎನ್ನುವುದೇ ನನ್ನ ತಕರಾರು.

ಅಮ್ಮತ್ತಿ ತೋಟ:

ಮೇಡಂ ಹೇಳಿದ ಇತಿಹಾಸವನ್ನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪುವುದಿಲ್ಲ. ನಾಜಿಗಳು ಗೆದ್ದಿದ್ದರೆ ಎಂಬ ಧಾರಾವಾಹಿ 2015ರಿಂದ ಅಮೆಜಾನ್‌ನಲ್ಲಿ ನಡೆಯಿತು. ನ್ಯೂಯಾರ್ಕ್ ಮೆಟ್ರೋದ ಆಸನಗಳಿಗೆ ನಾಜಿ ಚಿಹ್ನೆಗಳನ್ನು ಹೋಲುವ ಜಾಹೀರಾತು ಹೊದಿಸಿದಾಗ ಜನ ಸಿಟ್ಟಾದರು, ಜಾಹೀರಾತು ತೆಗೆದರು, ಧಾರಾವಾಹಿ ಉಳಿಯಿತು. ಹಾಗೆ ಆಗಬೇಕು. ಬರೆದದ್ದನ್ನು ನೋಡಿ ಬೈಯಿರಿ, ಬರೆಯುವುದಕ್ಕೇ ಅಡ್ಡ ನಿಲ್ಲಬೇಡಿ.

ಕ್ರಯಪತ್ರದ ದೃಶ್ಯವನ್ನು ನಮ್ಮಂಥವರು ಕುಳಿತು ನೋಡಬೇಕು. ನನ್ನ ಅಜ್ಜನ ಲೆಕ್ಕದ ಪುಸ್ತಕ ನಮ್ಮ ಐನ್‌ಮನೆಯಲ್ಲಿದೆ, ಅಂದರೆ ಕುಟುಂಬದ ಹಿರಿಯರ ಮನೆಯಲ್ಲಿ. ಎತ್ತುಗಳ ಖರ್ಚಿನ ಕೆಳಗೆ ಆಳುಗಳ ಹೆಸರು, ಕೊಟ್ಟ ಭತ್ತ, ಕಂಬಳಿ. ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಓದಿದ್ದಿಲ್ಲ. ರಂಗದ ಮೇಲೆ ಓದಿದರೆ ನನ್ನ ಮಕ್ಕಳಾದರೂ ಕೇಳಿಸಿಕೊಳ್ಳುತ್ತಾರೆ.

ತಿತಿಮತಿ ಹಾಡಿ:

ಮೇಷ್ಟ್ರೇ, ನಾನು ಯರವ, ಬಿ.ಎ. ಮುಗಿಸಿದ್ದೇನೆ, ಹುಟ್ಟಿದ್ದು ತೋಟದ ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ. ಅತ್ತೆಯ ಮದುವೆಗೆ ಅಪ್ಪ ಮುಂಗಡ ಪಡೆದಿದ್ದರು. ಅದು ತೀರುವವರೆಗೆ ಬೇರೆ ತೋಟಕ್ಕೆ ಹೋಗುವಂತಿರಲಿಲ್ಲ. ತೀರಿತೋ ಇಲ್ಲವೋ ಎನ್ನುವುದು ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಲೈನ್ ಮನೆ ಸಾಹುಕಾರರದ್ದಾದ್ದರಿಂದ ರೇಷನ್ ಕಾರ್ಡಿಗೆ ವಿಳಾಸವೂ ಅವರ ಕೃಪೆ. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ಅಲ್ಲಿದ್ದ ಎಷ್ಟೋ ಮಂದಿ ಇಂಥ ಲೈನ್ ಮನೆಗಳನ್ನು ಬಿಟ್ಟು ಬಂದವರು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಮನೆ ಕೊಟ್ಟರು. ಹೋರಾಟ ಮಾಡಿದ್ದರಿಂದ ಕೊಟ್ಟರು.

ಅಮ್ಮತ್ತಿಯ ಸರ್, ನಿಮ್ಮ ಮಾತಿನಲ್ಲಿ ಪ್ರಾಮಾಣಿಕತೆ ಇದೆ. ಆದರೆ ಆ ನಾಟಕದಿಂದ ಕಲಿಯುವವರು ನಿಮ್ಮ ಮಕ್ಕಳು. ಅವರು ಕಲಿಯಲೆಂದು ನಮ್ಮ ಹುಡುಗಿ ಹೊಡೆಸಿಕೊಳ್ಳಬೇಕೇ? ಆ ಪುಸ್ತಕವನ್ನು ನೀವೇ ರಂಗಕ್ಕೆ ತನ್ನಿ, ನೀವೇ ಓದಿ. ಹೆಸರು ಕರೆದಾಗ ಆ ವಂಶದವರು ಯಾರಾದರೂ ಇದ್ದರೆ ಎದ್ದು ನಿಲ್ಲಲಿ.

ನನಗೂ 'ಹಾಗಾಗಿದ್ದರೆ' ಎಂಬ ನಾಟಕ ಬೇಕು. 1974ರಲ್ಲಿ ಉಳುವವನೇ ಹೊಲದೊಡೆಯ ಎಂದಾಗ ಕಾಫಿ ತೋಟಗಳನ್ನು ಭೂಮಿತಿಯಿಂದ ಹೊರಗಿಟ್ಟರು. ಹೊರಗಿಡದೇ ಇದ್ದಿದ್ದರೆ? ಅದೇ ಉಪನೋಂದಣಿ ಕಚೇರಿ, ಅದೇ ಗುಮಾಸ್ತ. ಪಹಣಿಯಲ್ಲಿ ನನ್ನ ಅಜ್ಜಿಯ ಹೆಸರು. ಕಾಫಿ ಎಷ್ಟು ಮೂಟೆ, ಮೆಣಸಿಗೆ ಯಾವ ದರ ಎಂದು ಅಜ್ಜಿ ಚೌಕಾಸಿ ಮಾಡುತ್ತಾಳೆ, ಮೊಮ್ಮಕ್ಕಳು ಪಾಲಿಗಾಗಿ ಜಗಳವಾಡುತ್ತಾರೆ. ನಮ್ಮಲ್ಲಿ ಒಳ್ಳೆಯವರೂ ದುರಾಸೆಯವರೂ ಇರಲಿ. ಆಗ ಆ ಹುಡುಗಿಗೆ ಮಾಡಲು ಬೇಕಾದಷ್ಟು ಕೆಲಸ ಇರುತ್ತದೆ.

ನಮ್ಮವರಿಗೆ ನಾಟಕ ಹೊಸದಲ್ಲ. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬಕ್ಕೆ ಬನ್ನಿ. ವೇಷ ಹಾಕಿ, ಬುರುಡೆ ಬಡಿದು, ದೇವರನ್ನೂ ಸಾಹುಕಾರರನ್ನೂ ಬಾಯಿಗೆ ಬಂದಂತೆ ಬೈಯುತ್ತಾರೆ. ಅಂದು ಯಾರೂ ತಿರುಗಿ ಮಾತಾಡುವಂತಿಲ್ಲ. ಹೆಣ್ಣಿನ ಉಡುಗೆ ತೊಟ್ಟು ಅಷ್ಟು ಜೋರಾಗಿ ಬೈಯುವ ನನ್ನ ಚಿಕ್ಕಪ್ಪ ಮರುದಿನ ತೋಟದಲ್ಲಿ ತಲೆ ತಗ್ಗಿಸಿ ನಿಲ್ಲುವುದನ್ನು ನೋಡುತ್ತಾ ಬೆಳೆದವನು ನಾನು. ಅವರನ್ನು ಮೂಕ ಆಳಿನ ಪಾತ್ರಕ್ಕೆ ಕರೆಯಬೇಡಿ.

ಪೊನ್ನಂಪೇಟೆ ಮೇಷ್ಟ್ರು:

ನಿಮ್ಮ ಉತ್ತರವನ್ನು ಬರೆದವನಿಗೆ ಓದಿ ಹೇಳಿದೆ. ಮೊದಲು ವಾದಿಸಿದ, ಅಜ್ಜಿಯ ಚೌಕಾಸಿಯ ಭಾಗ ಬಂದಾಗ ಅಜ್ಜಿ ಯಾವ ಭಾಷೆಯಲ್ಲಿ ಮಾತನಾಡಬೇಕು ಎಂದು ಕೇಳಿದ. ಅವನಿಗೆ ನಿಮ್ಮ ಭಾಷೆ ಬರುವುದಿಲ್ಲ. ಮೊದಲ ದೃಶ್ಯವನ್ನು ಬಿಡಲು ಅವನು ಒಪ್ಪುತ್ತಿಲ್ಲ, ನನಗೂ ಅದು ಬೇಕು. ಎರಡನ್ನೂ ಒಂದೇ ನಾಟಕದಲ್ಲಿ ತರಬಹುದೇ? ನಿಮ್ಮ ಹಾಡಿಯವರು ನಮ್ಮೊಂದಿಗೆ ಕೂರುತ್ತಾರೆಯೇ?

ತಿತಿಮತಿ ಹಾಡಿ:

ಎರಡೂ ಇರಲಿ, ಆದರೆ ಕ್ರಯಪತ್ರ ಓದುವ ಗುಮಾಸ್ತನ ಪಾತ್ರ ಆ ಹುಡುಗಿಗೇ ಕೊಡಿ. ಅಜ್ಜಿ ನಮ್ಮ ಭಾಷೆಯಲ್ಲೇ ಮಾತನಾಡಲಿ, ಅದನ್ನು ನಾವು ಬರೆದುಕೊಡುತ್ತೇವೆ, ಬರೆದವರ ಹೆಸರಿನ ಪಕ್ಕ ನಮ್ಮ ಹೆಸರೂ ಇರಬೇಕು. ಈಗ ಕಾಫಿ ಕೊಯ್ಲು, ಹೆಂಗಸರು ಸಂಜೆಗೆ ಸುಸ್ತಾಗಿರುತ್ತಾರೆ. ಮಾರ್ಚ್ ಕಳೆದ ಮೇಲೆ ಯಾವ ಭಾನುವಾರವಾದರೂ ಬನ್ನಿ, ಹಾಡಿಯ ಅಂಗನವಾಡಿಯಲ್ಲಿ ಓದೋಣ. ಬರೆದವನನ್ನೂ ಕರೆತನ್ನಿ.